ಗೋಧಿ ಬಿಟ್ಟು ಎರಡು ತಿಂಗಳಾಯಿತು, ಹೊಟ್ಟೆ ಇನ್ನೂ ಸರಿಹೋಗಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ?

ಮಂಡ್ಯ ಟೀಚರ್ | ಜೂನ್ 20

ಎಲ್ಲರಿಗೂ ನಮಸ್ಕಾರ. ನನಗೆ 41 ವರ್ಷ. ಮಂಡ್ಯದ ಹತ್ತಿರ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಟೀಚರ್. ಏಪ್ರಿಲ್‌ನಲ್ಲಿ ನನಗೆ ಸೀಲಿಯಾಕ್ ಕಾಯಿಲೆ ಇದೆ ಅಂತ ಗೊತ್ತಾಯಿತು. ಗೋಧಿ, ಬಾರ್ಲಿ, ರೈ ಈ ಮೂರು ಕಾಳಿನಲ್ಲಿರುವ ಗ್ಲುಟೆನ್ ಅನ್ನುವ ಪ್ರೋಟೀನ್ ಒಳಗೆ ಹೋದರೆ ನನ್ನ ಮೈಯ ರಕ್ಷಣೆಯ ಶಕ್ತಿಯೇ ನನ್ನ ಸಣ್ಣ ಕರುಳನ್ನು ಹಾಳುಮಾಡುತ್ತದೆ ಅಂತ ಡಾಕ್ಟರು ಬಿಡಿಸಿ ಹೇಳಿದರು.

ಇದು ತಿಳಿಯೋದಕ್ಕೆ ಆರು ವರ್ಷ ಹಿಡಿಯಿತು. ರಕ್ತ ಕಡಿಮೆ ಅಂತ ಕಬ್ಬಿಣದ ಮಾತ್ರೆ ನುಂಗುತ್ತಲೇ ಇದ್ದೆ, ಹಿಮೋಗ್ಲೋಬಿನ್ 8ರ ಆಸುಪಾಸಿನಿಂದ ಮೇಲೇಳಲೇ ಇಲ್ಲ. ಊಟ ಆದ ಅರ್ಧ ಗಂಟೆಗೆ ಹೊಟ್ಟೆ ಉಬ್ಬರಿಸಿಕೊಳ್ಳುತ್ತಿತ್ತು. ದಿನಕ್ಕೆ ಮೂರ್ನಾಲ್ಕು ಸಲ ಭೇದಿ. ತೋರಿಸಿದ ಕಡೆಯೆಲ್ಲ ಗ್ಯಾಸ್ಟ್ರಿಕ್ ಮಾತ್ರೆ ಬರೆದುಕೊಟ್ಟರು. ಮುದ್ದೆ ತಿನ್ನೋ ಊರಿನವರಿಗೆ ಈ ಕಾಯಿಲೆ ಬರಬಹುದು ಅಂತ ಯಾರಿಗೂ ಹೊಳೆಯಲಿಲ್ಲ. ಕೊನೆಗೆ ಮೈಸೂರಿನಲ್ಲಿ ಒಬ್ಬ ಡಾಕ್ಟರು ಟಿಟಿಜಿ ರಕ್ತ ಪರೀಕ್ಷೆ ಮಾಡಿಸಿದರು. ಆಮೇಲೆ ಎಂಡೋಸ್ಕೋಪಿ ಮಾಡಿ ಕರುಳಿನ ಚೂರು ತೆಗೆದು ನೋಡಿದರು. ಮಾರ್ಷ್ 3, ಅಂದರೆ ಕರುಳಿನ ಒಳಪದರ ಸವೆದಿದೆ ಅಂತ ರಿಪೋರ್ಟ್ ಬಂತು.

ಅವತ್ತಿನಿಂದ ಚಪಾತಿ, ಬ್ರೆಡ್ಡು, ಬಿಸ್ಕತ್ತು, ಉಪ್ಪಿಟ್ಟು ಯಾವುದನ್ನೂ ಮುಟ್ಟಿಲ್ಲ. ಬೆಳಿಗ್ಗೆ ದೋಸೆ ಇಲ್ಲ ಅಕ್ಕಿ ರೊಟ್ಟಿ. ಮಧ್ಯಾಹ್ನ ಡಬ್ಬಿಯಲ್ಲಿ ಅನ್ನ ಸಾರು. ರಾತ್ರಿ ಮುದ್ದೆ, ಉಪ್ಸಾರು ಇಲ್ಲ ಬಸ್ಸಾರು, ಮಲಗುವಾಗ ಒಂದು ಲೋಟ ಹಾಲು. ಬೇಸಿಗೆ ರಜೆಯಲ್ಲಿ ಸ್ವಲ್ಪ ಪರವಾಗಿಲ್ಲ ಅನ್ನಿಸಿತ್ತು. ಈ ತಿಂಗಳು ಮತ್ತೆ ಶುರುವಾಗಿದೆ. ಉಬ್ಬರ, ಗುಡುಗುಡು ಸದ್ದು, ಭೇದಿ, ಸುಸ್ತು. ಪಾಠ ಮಾಡುವಾಗ ಕುರ್ಚಿ ಹುಡುಕುವ ಹಾಗಾಗಿದೆ.

ನಮ್ಮತ್ತೆ ಒಳ್ಳೆಯವರು. ಆದರೆ "ಇಷ್ಟು ಬಿಟ್ಟರೂ ವಾಸಿ ಆಗಲಿಲ್ಲ ಅಂದ್ರೆ ಕಾಯಿಲೆ ಬೇರೇನೇ ಇರಬೇಕು, ಸುಮ್ನೆ ಎಲ್ಲ ತಿನ್ನು" ಅನ್ನುತ್ತಾರೆ. ಅವರಿಗೆ ಏನು ಹೇಳಬೇಕೋ ತಿಳಿಯದೆ ಇಲ್ಲಿ ಬರೆಯುತ್ತಿದ್ದೇನೆ.

ಸರಸ್ವತಿಪುರಂ ಅಮ್ಮ | ಜೂನ್ 20

ಅಕ್ಕ, ಬೇಜಾರು ಮಾಡಿಕೊಳ್ಳಬೇಡಿ. ನನ್ನ ಮಗನಿಗೆ ನಾಲ್ಕನೇ ವಯಸ್ಸಿಗೇ ಗೊತ್ತಾಯಿತು, ಈಗ ಒಂಬತ್ತು. ಮೊದಲ ವರ್ಷ ನಾನೂ ಹೀಗೇ ಅತ್ತಿದ್ದೇನೆ.

ಮೊದಲು ಅಡುಗೆಮನೆಗೆ ಹೋಗಿ ಇಂಗಿನ ಡಬ್ಬಿ ತಗೊಳ್ಳಿ. ಹಿಂದೆ ಬರೆದಿರುವ ಸಣ್ಣ ಅಕ್ಷರ ಓದಿ. ಹಸಿ ಇಂಗು ಅಂದರೆ ಗಿಡದ ಅಂಟು. ಇರಾನ್, ಅಫ್ಘಾನಿಸ್ತಾನ ಕಡೆಯಿಂದ ಬರುತ್ತದೆ. ಅದು ತುಂಬಾ ಘಾಟು. ಅದಕ್ಕೇ ಹಿಟ್ಟು, ಗೋಂದು ಸೇರಿಸಿ ಮಾರುತ್ತಾರೆ. ಆ ಹಿಟ್ಟು ಎಷ್ಟೋ ಸಲ ಮೈದಾ ಅಥವಾ ಗೋಧಿ ಹಿಟ್ಟು. ನಮ್ಮ ಕಡೆ ಇಂಗಿಲ್ಲದ ಒಗ್ಗರಣೆ ಎಷ್ಟಿದೆ ಹೇಳಿ? ಸಾರು, ಗೊಜ್ಜು, ಕೋಸಂಬರಿ, ಮಜ್ಜಿಗೆ, ಉಪ್ಪಿನಕಾಯಿ. ದಿನಕ್ಕೆ ಎರಡು ಹೊತ್ತು ಚಿಟಿಕೆ ಚಿಟಿಕೆ ಒಳಗೆ ಹೋಗುತ್ತಿರುತ್ತದೆ. ಅಂಗಡಿ ಸಾರಿನ ಪುಡಿ, ಪುಳಿಯೋಗರೆ ಗೊಜ್ಜಿನಲ್ಲೂ ಇದೇ ಇಂಗು ಇರುತ್ತದೆ. ಅಕ್ಕಿ ಹಿಟ್ಟು ಸೇರಿಸಿದ ಇಂಗು ಸಿಗುತ್ತದೆ, ಹುಡುಕಿ. ಸಿಗುವ ತನಕ ಬೆಳ್ಳುಳ್ಳಿ ಒಗ್ಗರಣೆ ಹಾಕಿ.

ಇನ್ನೊಂದು ಪ್ರಶ್ನೆ. ರಾಗಿ, ಅಕ್ಕಿ ಎಲ್ಲಿ ಬೀಸಿಸುತ್ತೀರಿ?

ಮಂಡ್ಯ ಟೀಚರ್ | ಜೂನ್ 20

ಈಗಷ್ಟೇ ನೋಡಿ ಬಂದೆ. "ಗೋಧಿ ಹಿಟ್ಟು" ಅಂತ ಬರೆದಿದೆ. ಕನ್ನಡಕ ಹಾಕಿಕೊಂಡು ಓದಬೇಕಾಯಿತು. ಎರಡು ತಿಂಗಳು ದಿನಾ ಹಾಕಿದ್ದೇನೆ. ಕೈಕಾಲು ತಣ್ಣಗಾಯಿತು.

ಹಿಟ್ಟು ನಮ್ಮ ಬೀದಿ ಕೊನೆಯ ಗಿರಣಿಯಲ್ಲಿ ಬೀಸಿಸುತ್ತೇವೆ. ಅಲ್ಲಿ ಗೋಧಿಯನ್ನೂ ಬೀಸುತ್ತಾರೆ. ಆದರೆ ನಮ್ಮದು ಬರೀ ರಾಗಿ ಅಲ್ವಾ?

ಪಾಂಡವಪುರ ಗಿರಣಿ | ಜೂನ್ 21

ಮೇಡಂ, ನಾನು 22 ವರ್ಷ ಹಿಟ್ಟಿನ ಗಿರಣಿ ನಡೆಸಿದವನು, ಈಗ ಮಗ ನೋಡಿಕೊಳ್ಳುತ್ತಾನೆ. ನಿಮ್ಮದು ಬರೀ ರಾಗಿ ಇರಬಹುದು, ಕಲ್ಲು ಬರೀ ರಾಗಿಯದಲ್ಲ. ನಿಮಗಿಂತ ಮುಂಚೆ ಗೋಧಿ ಹಾಕಿಸಿದವರ ಹಿಟ್ಟು ಕಲ್ಲಿನ ಸಂದಿನಲ್ಲಿ, ಕೊಳವೆಯಲ್ಲಿ, ಹಿಟ್ಟು ಬೀಳುವ ಬಟ್ಟೆ ಚೀಲದಲ್ಲಿ ಉಳಿದಿರುತ್ತದೆ. ನಿಮ್ಮ ರಾಗಿ ಅದನ್ನೆಲ್ಲ ತಳ್ಳಿಕೊಂಡು ಬಂದು ನಿಮ್ಮ ಡಬ್ಬಕ್ಕೇ ಬೀಳುತ್ತದೆ. ಬೇಸಾಯದ ಮನೆಯವರು ಒಂದು ಸೇರು ರಾಗಿ ಮುಂದೆ ಬಿಟ್ಟು, ಆ ಹಿಟ್ಟನ್ನು ದನಕ್ಕೆ ಇಟ್ಟುಕೊಂಡು, ಆಮೇಲೆ ತಮ್ಮದು ಹಾಕಿಸುತ್ತಿದ್ದರು. ಅದು ಬಣ್ಣ, ರುಚಿ ಕೆಡದಿರಲಿ ಅಂತ. ನಿಮ್ಮಂಥವರಿಗೆ ಅಷ್ಟು ಸಾಲದು. ಗಿರಣಿಯ ಗಾಳಿಯಲ್ಲೇ ಹಿಟ್ಟು ಹಾರಾಡುತ್ತಿರುತ್ತದೆ.

ಮನೆಯಲ್ಲಿ ಇಡುವ ಸಣ್ಣ ಮಿಷಿನ್ ಬರುತ್ತದೆ. ಹೊಸದನ್ನೇ ತಗೊಳ್ಳಿ. ಸೆಕೆಂಡ್ ಹ್ಯಾಂಡ್ ತಗೊಂಡರೆ ಅದರಲ್ಲಿ ಗೋಧಿ ಬೀಸಿರುವುದು ಗ್ಯಾರಂಟಿ. ಅಲ್ಲಿಯವರೆಗೆ ಅಕ್ಕಿಯನ್ನು ತೊಳೆದು ನೆರಳಲ್ಲಿ ಆರಿಸಿ ಮಿಕ್ಸಿಯಲ್ಲಿ ಪುಡಿ ಮಾಡಿಕೊಳ್ಳಬಹುದು. ಅಟ್ಟದ ಮೇಲೆ ಗೋಧಿ ಬೀಸದ ಅಜ್ಜಿಯ ಬೀಸೋ ಕಲ್ಲು ಇದ್ದರೆ ಇಳಿಸಿ ಚೆನ್ನಾಗಿ ತೊಳೆದುಕೊಳ್ಳಿ. ರಾಗಿಯನ್ನೂ ಬೀಸುವ ಮುಂಚೆ ನೀರಲ್ಲಿ ಜಾಲಿಸಿ ಒಣಗಿಸಿ. ಕಣದಲ್ಲಿ, ಗೋಣಿಚೀಲದಲ್ಲಿ ಬೇರೆ ಕಾಳು ಸೇರಿರುತ್ತದೆ. ಈ ಮಾತು ನಾನು ಗಿರಣಿಯವನಾಗಿ ಹೇಳಬಾರದೇನೋ, ಆದರೆ ಆರೋಗ್ಯದ ವಿಷಯ.

ಸರಸ್ವತಿಪುರಂ ಅಮ್ಮ | ಜೂನ್ 21

ಅಣ್ಣ, ನಿಮಗೆ ದೊಡ್ಡ ನಮಸ್ಕಾರ. ಈ ವಿಷಯ ನನಗೆ ಮೊದಲ ವರ್ಷ ಯಾರೂ ಹೇಳಲಿಲ್ಲ.

ಅಕ್ಕ, ಒಂದು ಲೆಕ್ಕ ಹೇಳುತ್ತೇನೆ. ಗ್ಲುಟೆನ್ ಇಲ್ಲ ಅಂತ ಪ್ಯಾಕೆಟ್ ಮೇಲೆ ಹಾಕಬೇಕಾದರೆ ಒಂದು ಕೆಜಿಯಲ್ಲಿ 20 ಮಿಲಿಗ್ರಾಂಗಿಂತ ಜಾಸ್ತಿ ಗ್ಲುಟೆನ್ ಇರಬಾರದು. ನಮ್ಮ ದೇಶದ ಆಹಾರ ನಿಯಮವೂ ಇದೇ. ಗೋಧಿ ಹಿಟ್ಟಿನಲ್ಲಿ ಸುಮಾರು ಹತ್ತನೇ ಒಂದು ಪಾಲು ಗ್ಲುಟೆನ್. ಅಂದರೆ ಒಂದು ಕೆಜಿ ರಾಗಿ ಹಿಟ್ಟಿಗೆ ಒಂದು ಚಿಟಿಕೆ ಗೋಧಿ ಹಿಟ್ಟು ಬಿದ್ದರೂ ಆ ಮಿತಿ ದಾಟುತ್ತದೆ. ನಿಮ್ಮತ್ತೆಗೆ ಈ ಚಿಟಿಕೆಯನ್ನು ಕೈಯಲ್ಲಿ ತೋರಿಸಿ. ನಮ್ಮತ್ತೆಗೆ ಅರ್ಥವಾಗಿದ್ದು ಹಾಗೇ.

ಜರಡಿ ಬೇರೆ ಇಡಿ. ಜರಡಿಯ ಕಣ್ಣುಗಳಲ್ಲಿ ಸಿಕ್ಕಿಕೊಂಡ ಗೋಧಿ ಹಿಟ್ಟು ಎಷ್ಟು ತೊಳೆದರೂ ಹೋಗಲ್ಲ. ಮರದ ಸೌಟು, ಲಟ್ಟಣಿಗೆ, ಮುದ್ದೆ ಕೋಲು ಹೊಸದು. ಚಪಾತಿ ಬೇಯಿಸುವ ಹೆಂಚಿನ ಮೇಲೆ ನಿಮ್ಮ ರೊಟ್ಟಿ ಬೇಡ. ಪೂರಿ ಕರಿದ ಎಣ್ಣೆಯಲ್ಲಿ ಹಪ್ಪಳ ಕರಿಯಬೇಡಿ. ನಮ್ಮ ಮನೆಯಲ್ಲಿ ಮಗನ ಪಾತ್ರೆಗಳಿಗೆಲ್ಲ ಕೆಂಪು ದಾರ ಕಟ್ಟಿದ್ದೇನೆ. ಮನೆಗೆಲಸಕ್ಕೆ ಬರುವವರಿಗೂ ಅದು ಗೊತ್ತು.

ಮದ್ದೂರು ಹುಡುಗ | ಜೂನ್ 22

ನನಗೂ ಇದೇ ಹೊಟ್ಟೆ ತೊಂದರೆ. ವಯಸ್ಸು 26. ಮೂರು ವಾರದಿಂದ ಗೋಧಿ, ಮೈದಾ ನಾನೇ ಬಿಟ್ಟಿದ್ದೇನೆ. ಮುಕ್ಕಾಲು ಪಾಲು ಆರಾಮಾಗಿದೆ. ನಾನು ಈಗ ಆ ರಕ್ತ ಪರೀಕ್ಷೆ ಮಾಡಿಸಲಾ? ಮತ್ತೆ, ನಮ್ಮೂರ ವಡೆ ಅಕ್ಕಿ ಹಿಟ್ಟಿನದೇ ಅಲ್ವಾ, ಅದನ್ನು ತಿನ್ನಬಹುದಾ?

ಮೈಸೂರು ಡಯಟಿಷಿಯನ್ | ಜೂನ್ 22

ತಮ್ಮಾ, ಮೊದಲು ವಡೆ. ಮದ್ದೂರು ವಡೆಗೆ ಅಕ್ಕಿ ಹಿಟ್ಟಿನ ಜೊತೆ ಮೈದಾ, ಚಿರೋಟಿ ರವೆ ಬೀಳುತ್ತದೆ. ಸೀಲಿಯಾಕ್ ಇದ್ದವರಿಗೆ ಆಗಲ್ಲ. ಕೋಡುಬಳೆ, ನಿಪ್ಪಟ್ಟು ಕೂಡ ಮಾಡಿದವರನ್ನು ಕೇಳದೆ ತಿನ್ನಬಾರದು.

ಈಗ ಮುಖ್ಯ ವಿಷಯ. ಪರೀಕ್ಷೆಗೆ ಮುಂಚೆ ಗೋಧಿ ಬಿಡಬಾರದು. ಇದನ್ನು ಎಲ್ಲರೂ ದಯವಿಟ್ಟು ನೆನಪಿಟ್ಟುಕೊಳ್ಳಿ. ಟಿಟಿಜಿ ಪರೀಕ್ಷೆ ನೋಡುವುದು ಗ್ಲುಟೆನ್ ತಿಂದಾಗ ಮೈ ತನ್ನ ಮೇಲೇ ಮಾಡಿಕೊಳ್ಳುವ ಪ್ರತಿಕಾಯಗಳನ್ನು. ಗೋಧಿ ಬಿಟ್ಟರೆ ಅವು ಇಳಿಯುತ್ತಾ ಹೋಗುತ್ತವೆ, ಕರುಳೂ ವಾಸಿಯಾಗುತ್ತಾ ಬರುತ್ತದೆ. ಆಗ ಕಾಯಿಲೆ ಇದ್ದರೂ ಇಲ್ಲ ಅಂತ ರಿಪೋರ್ಟ್ ಬರಬಹುದು. ನೀವು ಡಾಕ್ಟರನ್ನು ಕಂಡು ಮೂರು ವಾರ ಬಿಟ್ಟಿರುವುದನ್ನು ಹೇಳಿ. ಅವರ ಸಲಹೆಯಂತೆ ಕೆಲವು ವಾರ ಮತ್ತೆ ಗೋಧಿ ತಿಂದು ಪರೀಕ್ಷೆ ಮಾಡಿಸಬೇಕಾಗಬಹುದು. ಟಿಟಿಜಿ ಜೊತೆ ಒಟ್ಟು ಐಜಿಎ (ರಕ್ತದಲ್ಲಿರುವ ಒಂದು ಬಗೆಯ ಪ್ರತಿಕಾಯ) ಕೂಡ ನೋಡಿಸಿ. ಐಜಿಎ ಹುಟ್ಟಿನಿಂದಲೇ ಕಡಿಮೆ ಇರುವವರಲ್ಲಿ ಟಿಟಿಜಿ ದಾರಿ ತಪ್ಪಿಸುತ್ತದೆ.

ಗೋಧಿ ಬಿಟ್ಟಾಗ ಆರಾಮಾಯಿತು ಅಂದ ಮಾತ್ರಕ್ಕೆ ಸೀಲಿಯಾಕ್ ಅಂತ ಅಲ್ಲ. ಗೋಧಿಯಲ್ಲಿ ಫ್ರಕ್ಟಾನ್ ಅನ್ನುವ ಒಂದು ಬಗೆಯ ಸಕ್ಕರೆ ಅಂಶ ಇದೆ. ಈರುಳ್ಳಿ, ಬೆಳ್ಳುಳ್ಳಿಯಲ್ಲೂ ಇದೆ. ಕೆಲವರ ಕರುಳಿಗೆ ಅದು ಒಗ್ಗದೆ ಗ್ಯಾಸ್ ಆಗುತ್ತದೆ. ಅವರು ಜೀವನಪೂರ್ತಿ ಇಷ್ಟು ಕಟ್ಟುನಿಟ್ಟಾಗಿ ಇರಬೇಕಾಗಿಲ್ಲ. ಯಾವುದು ಅಂತ ತಿಳಿದುಕೊಳ್ಳುವುದಕ್ಕೇ ಪರೀಕ್ಷೆ ಬೇಕು.

ಟೀಚರ್ ಅವರೇ, ನಿಮಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಇಂಗು, ಗಿರಣಿ ಎರಡನ್ನೂ ಇಲ್ಲಿ ಚೆನ್ನಾಗಿ ಹಿಡಿದಿದ್ದಾರೆ. ಆದರೆ ನಿಮ್ಮ ಉಬ್ಬರ ಎಲ್ಲಾ ಗ್ಲುಟೆನ್‌ನಿಂದಲೇ ಇರಬೇಕು ಅಂತಿಲ್ಲ. ಸಣ್ಣ ಕರುಳಿನ ಒಳಗೆ ಮಖಮಲ್ ಬಟ್ಟೆಯ ಹಾಗೆ ಸಣ್ಣ ಸಣ್ಣ ಎಳೆಗಳಿರುತ್ತವೆ. ಊಟದ ಸಾರ ಹೀರುವುದು ಅವು. ನಿಮ್ಮಲ್ಲಿ ಅವು ಸವೆದುಹೋಗಿವೆ. ಹಾಲಿನ ಸಕ್ಕರೆ ಅರಗಿಸುವ ಲ್ಯಾಕ್ಟೇಸ್ ಇರುವುದೂ ಅವುಗಳ ತುದಿಯಲ್ಲೇ. ಹಾಗಾಗಿ ರಾತ್ರಿ ಒಂದು ಲೋಟ ಹಾಲು ಈಗ ನಿಮಗೆ ಉಬ್ಬರ, ಭೇದಿ ತರಬಹುದು. ಕೆಲವು ವಾರ ಬಿಟ್ಟು ನೋಡಿ. ಮೊಸರು, ಮಜ್ಜಿಗೆ ಸಾಮಾನ್ಯವಾಗಿ ಒಗ್ಗುತ್ತದೆ. ಕರುಳು ಚಿಗುರಿದಂತೆ ಹಾಲು ಮತ್ತೆ ಒಗ್ಗುತ್ತದೆ.

ರಾಗಿ ಬಿಡಬೇಡಿ. ಅದರಲ್ಲಿ ಗ್ಲುಟೆನ್ ಇಲ್ಲ, 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ನಿಮ್ಮ ಮೂಳೆಗೆ ಅದು ಬೇಕು. ಆದರೆ ನಾರು ಜಾಸ್ತಿ. ಹೊಟ್ಟೆ ಕೆಟ್ಟಿರುವ ದಿನ ದೊಡ್ಡ ಮುದ್ದೆ, ಅದರ ಜೊತೆ ಹುರುಳಿಕಾಳು ಬಸ್ಸಾರು ಅಂದರೆ ಕರುಳಿಗೆ ಭಾರ. ಅಂಥ ದಿನ ಮೆತ್ತಗಿನ ಅನ್ನ, ತಿಳಿ ಮಜ್ಜಿಗೆ, ಹೆಸರುಬೇಳೆ ಕಟ್ಟು. ಆರಾಮಾದ ಮೇಲೆ ಅರ್ಧ ಮುದ್ದೆಯಿಂದ ಶುರುಮಾಡಿ. ಭೇದಿ ಜಾಸ್ತಿ ಆದರೆ ಓಆರ್‌ಎಸ್ ಕುಡಿಯಿರಿ.

ಕಬ್ಬಿಣದ ಮಾತ್ರೆಯನ್ನು ಕಾಫಿ, ಹಾಲು, ಕ್ಯಾಲ್ಸಿಯಂ ಮಾತ್ರೆ ಜೊತೆ ತಗೊಳ್ಳಬೇಡಿ. ಎರಡು ಗಂಟೆ ಅಂತರ ಇರಲಿ. ನಿಂಬೆ ಪಾನಕದ ಜೊತೆ ತಗೊಂಡರೆ ಒಳ್ಳೆಯದು. ಬಿ12, ಫೋಲೇಟ್, ವಿಟಮಿನ್ ಡಿ, ಥೈರಾಯ್ಡ್ ನೋಡಿಸಿದ್ದಾರಾ ಕೇಳಿ.

ಕೊನೆಗೆ ಒಂದು ಕೆಲಸ. ಒಂದು ನೋಟ್‌ಬುಕ್ ಇಡಿ. ಏನು ತಿಂದಿರಿ, ಎಲ್ಲಿ ತಿಂದಿರಿ, ಎಷ್ಟು ಗಂಟೆಗೆ ಹೊಟ್ಟೆ ಕೆಟ್ಟಿತು, ಅಷ್ಟು ಬರೆಯಿರಿ. ಬೇಸಿಗೆ ರಜೆಯಲ್ಲಿ ಪರವಾಗಿರಲಿಲ್ಲ ಅಂದಿರಿ. ಜೂನ್‌ನಲ್ಲಿ ಏನು ಬದಲಾಯಿತು ಅಂತ ನನಗೆ ಕುತೂಹಲ.

ಶ್ರೀರಂಗಪಟ್ಟಣ ಹಿರಿಯ | ಜೂನ್ 23

ಎಲ್ಲ ಓದಿದೆ. ನನಗೆ 72. ನಮ್ಮ ಕಾಲದಲ್ಲಿ ಇಂಥದ್ದನ್ನು ಕೇಳಿರಲಿಲ್ಲ. ತಪ್ಪು ತಿಳಿಯಬೇಡಮ್ಮ. ದಿನಾ ಒಂದೊಂದು ಚೂರು ತಿಂದು ಅಭ್ಯಾಸ ಮಾಡಿಕೊಂಡರೆ ಹೊಟ್ಟೆ ಒಗ್ಗಲ್ಲವಾ? ಹಳೇ ತಳಿಯ ಖಪ್ಲಿ ಗೋಧಿ ಒಳ್ಳೆಯದು ಅನ್ನುತ್ತಾರಲ್ಲ, ಅದನ್ನಾದರೂ ತಿನ್ನಬಹುದಾ?

ಮೈಸೂರು ಡಯಟಿಷಿಯನ್ | ಜೂನ್ 23

ಸರ್, ಕೇಳಿದ್ದು ಒಳ್ಳೆಯದೇ ಆಯಿತು. ಎಷ್ಟೋ ಮನೆಯಲ್ಲಿ ಹಿರಿಯರ ಮನಸ್ಸಿನಲ್ಲಿ ಇದೇ ಇರುತ್ತದೆ.

ಇದು ಅಭ್ಯಾಸದಿಂದ ಒಗ್ಗುವಂಥದ್ದಲ್ಲ. ಪ್ರತಿ ಚೂರೂ ಗಾಯದ ಮೇಲೆ ಗಾಯ. ಕೆಲವರಿಗೆ ಹೊಟ್ಟೆನೋವೇ ಬರುವುದಿಲ್ಲ, ಒಳಗೆ ಮಾತ್ರ ಕರುಳು ಸವೆಯುತ್ತಿರುತ್ತದೆ. ಖಪ್ಲಿ ಗೋಧಿಯೂ ಗೋಧಿಯೇ, ಅದರಲ್ಲೂ ಗ್ಲುಟೆನ್ ಇದೆ. ಮೊಳಕೆ ಕಟ್ಟಿಸಿದರೂ ಹೋಗುವುದಿಲ್ಲ.

ಇದು ಹೊಸ ಕಾಯಿಲೆಯೂ ಅಲ್ಲ. ವಿಲ್ಲೆಮ್ ಡಿಕೆ ಅಂತ ಹಾಲೆಂಡಿನ ಮಕ್ಕಳ ಡಾಕ್ಟರು ಇದ್ದರು. 1944-45ರ ಚಳಿಗಾಲದಲ್ಲಿ ಯುದ್ಧದಿಂದ ಅಲ್ಲಿ ಬರ ಬಂತು, ಬ್ರೆಡ್ಡು ಸಿಗಲಿಲ್ಲ. ಊರಿಗೆ ಊರೇ ಹಸಿದಿದ್ದಾಗ ಈ ಕಾಯಿಲೆಯ ಮಕ್ಕಳು ಚೇತರಿಸಿಕೊಂಡರು. ಬ್ರೆಡ್ಡು ವಾಪಸ್ ಬಂದಾಗ ಮತ್ತೆ ಕಾಯಿಲೆ ಬಿದ್ದರು. ಗೋಧಿಯೇ ಕಾರಣ ಅನ್ನುವ ತಮ್ಮ ಪ್ರಬಂಧವನ್ನು ಅವರು 1950ರಲ್ಲಿ ಮಂಡಿಸಿದರು. ಅದೇ ವರ್ಷ ನಮ್ಮ ಮೈಸೂರಿನ ಚೆಲುವಾಂಬ ಮ್ಯಾನ್ಷನ್‌ನಲ್ಲಿ ಆಹಾರ ಸಂಶೋಧನೆಯ ಸಂಸ್ಥೆ ಸಿಎಫ್‌ಟಿಆರ್‌ಐ ಶುರುವಾಯಿತು ಅಂದರೆ ಎಷ್ಟು ಹಿಂದಿನ ಮಾತು ಅಂತ ತಿಳಿಯುತ್ತದೆ.

ನಮ್ಮ ಕಡೆ ಕೇಳಿರದಿದ್ದಕ್ಕೂ ಕಾರಣ ಇದೆ. 2016ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಉತ್ತರ ಭಾರತದಲ್ಲಿ ನೂರಕ್ಕೆ ಒಬ್ಬರಿಗಿಂತ ಸ್ವಲ್ಪ ಜಾಸ್ತಿ, ದಕ್ಷಿಣದಲ್ಲಿ ಸಾವಿರಕ್ಕೆ ಸುಮಾರು ಒಬ್ಬರಲ್ಲಿ ಕಾಣಿಸಿತು. ಕಡಿಮೆ ಇದೆ, ಆದರೆ ಇದೆ. ಕಡಿಮೆ ಇರುವುದರಿಂದಲೇ ಟೀಚರ್ ಅವರು ಆರು ವರ್ಷ ಅಲೆದರು.

ಶ್ರೀರಂಗಪಟ್ಟಣ ಹಿರಿಯ | ಜೂನ್ 23

ಸರಿಯಮ್ಮ. ತಿಳಿಯಿತು.

ನಂಜನಗೂಡು ಅಡುಗೆಯವ | ಜೂನ್ 25

ಮದುವೆ, ಗೃಹಪ್ರವೇಶಕ್ಕೆ ಅಡುಗೆ ಮಾಡುವವನು ನಾನು. ಊಟದ ಮನೆಯಲ್ಲಿ ನಿಮಗೆ ಯಾವುದು ಆಗಲ್ಲ ಅಂತ ನಾನು ಹೇಳುತ್ತೇನೆ. ಒಬ್ಬಟ್ಟಿನ ಕಣಕ, ಚಿರೋಟಿ, ಕೇಸರಿಬಾತು, ಶ್ಯಾವಿಗೆ ಪಾಯಸ, ಪೂರಿ ಇವೆಲ್ಲ ಎದುರಿಗೇ ಕಾಣುತ್ತವೆ. ಕಾಣದೇ ಇರುವುದು ಇಂಗಿನ ಒಗ್ಗರಣೆ. ಕೋಸಂಬರಿಗೂ ಬೀಳುತ್ತದೆ. ಬೋಂಡಾ ಬರೀ ಕಡ್ಲೆಹಿಟ್ಟಿನದಾದರೂ ಪೂರಿ ಕರಿದ ಬಾಣಲೆಯಲ್ಲೇ ಬೇಯುತ್ತದೆ. ಗೋಬಿಗೆ ಮೈದಾ, ಅದಕ್ಕೆ ಹಾಕುವ ಸೋಯಾ ಸಾಸ್‌ನಲ್ಲೂ ಗೋಧಿ. ಹೋಟೆಲ್ ದೋಸೆ ಹಿಟ್ಟಿಗೆ ಗರಿಗರಿ ಆಗಲಿ ಅಂತ ಕೆಲವರು ಚಿರೋಟಿ ರವೆ ಸೇರಿಸುತ್ತಾರೆ, ಅದೇ ಕಾವಲಿಯಲ್ಲಿ ರವೆ ದೋಸೆಯೂ ಹುಯ್ಯುತ್ತಾರೆ. ಇಡ್ಲಿ ಅಷ್ಟು ಭಯವಿಲ್ಲ, ಜೊತೆಗಿನ ಸಾಂಬಾರು ಬಿಟ್ಟರೆ.

ಮದುವೆ ಮನೆಯಲ್ಲಿ ಯಜಮಾನರಿಗೆ ಹೇಳಬೇಡಿ, ಅವರಿಗೆ ನೂರು ತಲೆನೋವು. ಮುಂಚೆಯೇ ಅಡುಗೆಯವರ ಹತ್ತಿರ ಬಂದು ಹೇಳಿ. ಒಗ್ಗರಣೆಗೆ ಮುಂಚೆ ಒಂದು ಬಟ್ಟಲು ಬೇಳೆ, ಅನ್ನ, ತುಪ್ಪ, ಮೊಸರು ಎತ್ತಿಟ್ಟುಕೊಡುವುದು ನಮಗೆ ಕಷ್ಟವಲ್ಲ. ನನ್ನ ಕೈಕೆಳಗಿನ ಹುಡುಗರಿಗೂ ಇನ್ನು ಮೇಲೆ ಹೇಳಿಡುತ್ತೇನೆ. ಒಬ್ಬರು ನಮ್ಮ ಪಂಕ್ತಿಯಿಂದ ಹಸಿದು ಏಳಬಾರದು.

ಮಂಡ್ಯ ಟೀಚರ್ | ಜುಲೈ 14

ಸಿಕ್ಕಿತು! ಬರೆಯುವಾಗಲೂ ಕೈ ನಡುಗುತ್ತಿದೆ.

ಇಂಗು ಬದಲಾಯಿಸಿದೆ. ಹೊಸ ಮಿಷಿನ್ ತಗೊಂಡೆವು, ನಮ್ಮೆಜಮಾನರು ಕಂತಿನಲ್ಲಿ ಕಟ್ಟುತ್ತಿದ್ದಾರೆ. ಜರಡಿ, ಮುದ್ದೆ ಕೋಲು ಹೊಸದು. ಹಾಲು ಬಿಟ್ಟೆ. ವಾರದಲ್ಲಿ ಐದು ದಿನ ಹೊಟ್ಟೆ ಹಗುರ. ಆದರೆ ಶನಿವಾರ ಸಂಜೆಯಿಂದ ಭಾನುವಾರ ಪೂರ್ತಿ ಮಲಗುವ ಹಾಗಾಗುತ್ತಿತ್ತು. ಮೂರು ವಾರದ ನೋಟ್‌ಬುಕ್ ಮುಂದಿಟ್ಟುಕೊಂಡು ಕೂತೆ. ಮೂರು ಶನಿವಾರ, ಮೂರೂ ಸಲ ಅದೇ.

ಶನಿವಾರ ಬೆಳಗಿನ ಶಾಲೆ. ಅವತ್ತು ನಮ್ಮಲ್ಲಿ ಬಿಸಿಯೂಟಕ್ಕೆ ಉಪ್ಪಿಟ್ಟು. ಮಕ್ಕಳಿಗೆ ಬಡಿಸುವ ಮುಂಚೆ ಒಬ್ಬ ಟೀಚರ್ ರುಚಿ ನೋಡಬೇಕು. ಆ ಜವಾಬ್ದಾರಿ ನನ್ನದು, ಎಂಟು ವರ್ಷದಿಂದ. ಒಂದು ಚಮಚ ಬಾಯಿಗೆ ಹಾಕಿಕೊಂಡು ರಿಜಿಸ್ಟರ್‌ನಲ್ಲಿ ಸಹಿ ಮಾಡುತ್ತೇನೆ. ಅದು ನನ್ನ ಊಟ ಅಂತ ನನಗೆ ಯಾವತ್ತೂ ಅನ್ನಿಸಿಯೇ ಇರಲಿಲ್ಲ, ಅದು ಕೆಲಸ. ಬೇಸಿಗೆ ರಜೆಯಲ್ಲಿ ಯಾಕೆ ಚೆನ್ನಾಗಿದ್ದೆ ಅಂತ ಈಗ ತಿಳಿಯಿತು. ಉಳಿದ ದಿನಗಳಲ್ಲೂ ಸಾಂಬಾರಿನ ಒಂದು ಚಮಚ, ಅದರಲ್ಲಿ ಇಂಗು.

ಹೆಡ್‌ಮಿಸ್ ಹತ್ತಿರ ಹೇಳಿಕೊಂಡೆ. ಅವರು ಕಣ್ಣಲ್ಲಿ ನೀರು ತಂದುಕೊಂಡು "ಮೊದಲೇ ಹೇಳಬಾರದಿತ್ತಾ" ಅಂದರು. ಇನ್ನು ಮೇಲೆ ಇನ್ನೊಬ್ಬ ಟೀಚರ್ ರುಚಿ ನೋಡುತ್ತಾರೆ. ನಾನು ಬಡಿಸುವ ಕಡೆ ನಿಲ್ಲುತ್ತೇನೆ.

ಸರಸ್ವತಿಪುರಂ ಅಮ್ಮ | ಜುಲೈ 14

ಅಕ್ಕ, ಓದಿ ಮೈ ಜುಮ್ಮೆಂದಿತು. ಒಂದು ಚಮಚ!

ಮೈಸೂರು ಡಯಟಿಷಿಯನ್ | ಜುಲೈ 15

ತುಂಬಾ ಸಂತೋಷ. ಇನ್ನೂ ಎರಡು ಮಾತು. ಆರು ತಿಂಗಳಿಗೆ ಟಿಟಿಜಿ ಮತ್ತೆ ಮಾಡಿಸಿ, ಸಂಖ್ಯೆ ಇಳಿದಿರಬೇಕು. ಹೊಟ್ಟೆ ವಾರಗಳಲ್ಲಿ ಆರಾಮಾದರೂ ದೊಡ್ಡವರ ಕರುಳು ಪೂರ್ತಿ ಚಿಗುರಲು ಒಂದೆರಡು ವರ್ಷವೂ ಬೇಕಾಗಬಹುದು, ಹೆದರಬೇಡಿ. ನಿಮ್ಮ ಮಕ್ಕಳು, ಒಡಹುಟ್ಟಿದವರು, ಅಪ್ಪ ಅಮ್ಮ ಎಲ್ಲರಿಗೂ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ. ಹತ್ತಿರದ ರಕ್ತಸಂಬಂಧಿಗಳಲ್ಲಿ ಇದು ಬೇರೆಯವರಿಗಿಂತ ಜಾಸ್ತಿ. ಪರೀಕ್ಷೆ ಆಗುವ ತನಕ ಅವರು ಗೋಧಿ ತಿನ್ನುತ್ತಿರಲಿ.

ಮದ್ದೂರು ಹುಡುಗ | ಆಗಸ್ಟ್ 9

ನನ್ನ ರಿಪೋರ್ಟ್ ಬಂತು. ಆರು ವಾರ ಚಪಾತಿ ತಿಂದು ಮಾಡಿಸಿದೆ. ಟಿಟಿಜಿ ನಾರ್ಮಲ್, ಐಜಿಎ ನಾರ್ಮಲ್. ಐಬಿಎಸ್, ಅಂದರೆ ಕರುಳಿಗೆ ಗಾಯವಿಲ್ಲದಿದ್ದರೂ ಹೊಟ್ಟೆ ಕೆಡುವ ತೊಂದರೆ ಇರಬಹುದು ಅಂದಿದ್ದಾರೆ. ಹಸಿ ಈರುಳ್ಳಿ ಕಡಿಮೆ ಮಾಡಿದ್ದೇನೆ. ನಾನೇ ತೀರ್ಮಾನ ಮಾಡಿಕೊಂಡಿದ್ದರೆ ಜೀವನಪೂರ್ತಿ ವಡೆ ಬಿಡುತ್ತಿದ್ದೆ. ಥ್ಯಾಂಕ್ಸ್ ಮೇಡಂ.

ಮಂಡ್ಯ ಟೀಚರ್ | ಆಗಸ್ಟ್ 25

ಹಿಮೋಗ್ಲೋಬಿನ್ 10.2. ಆರು ವರ್ಷದಲ್ಲಿ ಮೊದಲ ಸಲ ಎರಡಂಕಿ. ಮಗಳ ಪರೀಕ್ಷೆಯಲ್ಲಿ ಏನೂ ಇಲ್ಲ. ತಮ್ಮನದು ಇನ್ನೂ ಬರಬೇಕು. ರಾತ್ರಿ ಅರ್ಧ ಮುದ್ದೆಯಿಂದ ಒಂದಕ್ಕೆ ಬಂದಿದ್ದೇನೆ. ಗಿರಣಿ ಅಣ್ಣ, ನಿಮ್ಮ ಮಾತಿನಂತೆ ರಾಗಿ ಜಾಲಿಸಿ ಒಣಗಿಸುವಾಗ ನಿಮ್ಮನ್ನು ನೆನೆಯುತ್ತೇನೆ.

ಸರಸ್ವತಿಪುರಂ ಅಮ್ಮನವರೇ, ಗೌರಿ ಗಣೇಶ ಹತ್ತಿರ ಬಂತು. ನಮ್ಮತ್ತೆಯೇ ಬಾಯಿಬಿಟ್ಟು ಕೇಳಿದರು, "ಈ ಸಲ ಎಲ್ಲರಿಗೂ ಅಕ್ಕಿ ಕಡುಬನ್ನೇ ಮಾಡೋಣ, ನಿನಗೊಬ್ಬಳಿಗೆ ಬೇರೆ ಯಾಕೆ" ಅಂತ. ನಾವು ಯಾವಾಗಲೂ ಮೈದಾ ಕರಿಗಡುಬು ಮಾಡುವವರು. ಅಕ್ಕಿ ಹಿಟ್ಟಿನದು ಮಾಡಿದರೆ ಒಡೆದುಹೋಗುತ್ತದೆ. ಹದ ಹೇಳಿ.

ಸರಸ್ವತಿಪುರಂ ಅಮ್ಮ | ಆಗಸ್ಟ್ 25

ಅಕ್ಕ, ಅತ್ತೆಗೆ ನನ್ನ ನಮಸ್ಕಾರ ತಿಳಿಸಿ.

ಒಂದು ಲೋಟ ನೀರಿಗೆ ಉಪ್ಪು, ಒಂದು ಚಮಚ ತುಪ್ಪ ಹಾಕಿ ಕುದಿಸಿ. ಉರಿ ಸಣ್ಣ ಮಾಡಿ ಒಂದು ಲೋಟ ನುಣ್ಣಗಿನ ಅಕ್ಕಿ ಹಿಟ್ಟನ್ನು ಒಂದೇ ಸಲ ಸುರಿದು, ಕೈ ಆಡಿಸದೆ ಎರಡು ನಿಮಿಷ ಮುಚ್ಚಿಡಿ. ಆಮೇಲೆ ಮುದ್ದೆ ಕೋಲಿನಿಂದ ತಿರುವಿ, ಇಳಿಸಿ, ಬಿಸಿ ಇರುವಾಗಲೇ ಕೈಗೆ ತುಪ್ಪ ಸವರಿಕೊಂಡು ಚೆನ್ನಾಗಿ ನಾದಿ. ಒಡೆಯುವುದು ಆರಿದ ಹಿಟ್ಟನ್ನು ನಾದಿದರೆ ಮಾತ್ರ. ಉಂಡೆಗಳ ಮೇಲೆ ಒದ್ದೆ ಬಟ್ಟೆ ಮುಚ್ಚಿರಿ. ಹೂರಣಕ್ಕೆ ಕಾಯಿ, ಬೆಲ್ಲ, ಏಲಕ್ಕಿ, ಸ್ವಲ್ಪ ಹುರಿದ ಎಳ್ಳು. ಕರಿಯುವುದು ಬೇಡ, ಇಡ್ಲಿ ಪಾತ್ರೆಯಲ್ಲಿ ಹತ್ತು ನಿಮಿಷ ಹಬೆಯಲ್ಲಿ ಬೇಯಿಸಿ. ಮಿಕ್ಕ ಹಿಟ್ಟಿಗೆ ಜೀರಿಗೆ, ಹಸಿಮೆಣಸಿನಕಾಯಿ, ಕಾಯಿತುರಿ ಕಲಸಿ ಖಾರದ ಕಡುಬು ಮಾಡಿ. ನನ್ನ ಮಗನಿಗೆ ಅದೇ ಇಷ್ಟ.